ಹೆಬ್ಬೆಟ್ಟಿನ ಗುರುತು ಮತ್ತು ಬ್ಯಾಂಕಿನ ಖಾತೆ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು

2023ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಪಾಸ್‌ಬುಕ್ ಹಿಡಿದುಕೊಂಡು ಕಚೇರಿಗೆ ಬಂದರು. ಅಡಿಕೆ ಮಾರಿದ ಹಣದಲ್ಲಿ ಔಷಧಿ ಸಿಂಪಡಣೆಯ ಕೂಲಿ ಕೊಟ್ಟು, ಉಳಿದದ್ದನ್ನು ಕೊಯ್ಲಿನ ಖರ್ಚಿಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದರು. ಪಾಸ್‌ಬುಕ್ ಬರೆಸಲು ಹೋದಾಗ ಮೂರು ದಿನಗಳಲ್ಲಿ 10,000, 10,000 ಮತ್ತು 8,500 ರೂಪಾಯಿ ತೆಗೆದಿರುವುದು ಕಂಡುಬಂದಿತ್ತು. ಅವರ ಬಳಿ ಎ.ಟಿ.ಎಂ. ಕಾರ್ಡು ಇಲ್ಲ. ಮೊಬೈಲಿನಲ್ಲಿ ಹಣ ಕಳಿಸಿದವರಲ್ಲ. ಯಾರಿಗೂ ಓ.ಟಿ.ಪಿ. ಹೇಳಿದವರೂ ಅಲ್ಲ. "ಇಂಟರ್‌ನೆಟ್ಟಿನ ಸಹವಾಸಕ್ಕೇ ಹೋಗದ ನನ್ನ ದುಡ್ಡು ಇಂಟರ್‌ನೆಟ್ಟಿನಲ್ಲಿ ಹೇಗೆ ಹೋಯಿತು?" ಎಂದು ಅವರು ಕೇಳಿದ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ಎಲ್ಲ ಸದಸ್ಯರ ಅವಗಾಹನೆಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಣ ಹೋದ ದಾರಿಗೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎಂದು ಹೆಸರು. ಇಂಗ್ಲಿಷಿನಲ್ಲಿ ಎ.ಇ.ಪಿ.ಎಸ್. ಎನ್ನುತ್ತಾರೆ. ಬ್ಯಾಂಕಿನ ಶಾಖೆ ದೂರವಿರುವ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರನೋ ಅಂಗಡಿಯವನೋ ಒಂದು ಸಣ್ಣ ಯಂತ್ರ ಇಟ್ಟುಕೊಂಡಿರುತ್ತಾನೆ. ಬ್ಯಾಂಕಿನ ಹೆಸರು ಹಾಗೂ ಆಧಾರ್ ಸಂಖ್ಯೆ ಹೇಳಿ ಬೆರಳು ಒತ್ತಿದರೆ ಖಾತೆಯಿಂದ ಹಣ ಕೊಡುತ್ತಾನೆ. ಒಂದು ಸಲಕ್ಕೆ 10,000 ರೂಪಾಯಿಯ ಮಿತಿ. ಪಿನ್ ಬೇಡ, ಓ.ಟಿ.ಪಿ. ಬೇಡ, ಕಾರ್ಡು ಬೇಡ. ಓದುಬರಹ ಬಾರದವರಿಗೂ ಅನುಕೂಲವಾಗಲೆಂದು ಮಾಡಿದ ಏರ್ಪಾಡು ಇದು. 2020ರಲ್ಲಿ ಕೋವಿಡ್ ಕಾಲಕ್ಕೆ ಎಷ್ಟೋ ಜನರಿಗೆ ಇದರಿಂದ ಉಪಕಾರವೂ ಆಯಿತು. ನಾನು ಅದನ್ನು ದೂಷಿಸುತ್ತಿಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಖಾತೆಯ ಬೀಗದ ಕೈ ನಮ್ಮ ಬೆರಳೇ ಆಗಿದೆ ಎಂಬುದನ್ನೂ, ಆಧಾರ್ ಜೋಡಣೆಯಾದ ಖಾತೆಗೆ ನಾವು ಕೇಳದೆಯೇ ಈ ಸೌಲಭ್ಯ ಸಾಮಾನ್ಯವಾಗಿ ಸೇರಿಕೊಂಡಿರುತ್ತದೆ ಎಂಬುದನ್ನೂ ನಮ್ಮಲ್ಲಿ ಬಹುಮಂದಿ ಅರಿತಿಲ್ಲ.

ಬೆರಳಿನ ಗುರುತು ಕಳ್ಳನ ಕೈಗೆ ಹೇಗೆ ಸಿಕ್ಕಿತು? ಈ ಸದಸ್ಯೆಯ ಮನೆಯಲ್ಲಿ ಕೆಲವು ವಾರಗಳ ಹಿಂದಷ್ಟೇ ಪಾಲುಪಟ್ಟಿ ಆಗಿ ವಿಭಾಗಪತ್ರ ನೋಂದಣಿಯಾಗಿತ್ತು. ನೋಂದಣಿ ಪತ್ರಗಳಿಗೆ ಭಾವಚಿತ್ರ ಮತ್ತು ಬೆರಳಚ್ಚು ಹಾಕಬೇಕೆಂಬ ನಿಯಮವನ್ನು 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿಸಲಾಗಿದೆ. ಒಬ್ಬರ ಜಮೀನನ್ನು ಇನ್ನೊಬ್ಬರು ಮಾರಿ ಮೋಸ ಮಾಡಬಾರದೆಂಬುದೇ ಅದರ ಉದ್ದೇಶ. ಹಾಗೆಯೇ, ಸ್ಥಿರಾಸ್ತಿಯ ನೋಂದಣಿ ಪುಸ್ತಕವನ್ನು ಶುಲ್ಕ ಕೊಟ್ಟ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಕೊಳ್ಳುವವನಿಗೆ ಜಮೀನಿನ ಪೂರ್ವಾಪರ ತಿಳಿಯಲೆಂದು ಮಾಡಿದ ಈ ನಿಯಮವೂ ಸರಿಯಾದದ್ದೇ. ಆದರೆ ಹಿಂದೆ ಆ ನಕಲು ಬೇಕಾದವನು ನಮ್ಮ ತಾಲ್ಲೂಕು ಕಚೇರಿಗೆ ಬಂದು, ಅರ್ಜಿ ಬರೆದು, ಎರಡು ದಿನ ಕಾಯಬೇಕಿತ್ತು. ಅಷ್ಟರಲ್ಲಿ ಅವನು ಯಾರು, ಯಾರ ಕಡೆಯವನು ಎಂದು ಪತ್ರಬರಹಗಾರರಿಗೆಲ್ಲ ಗೊತ್ತಾಗುತ್ತಿತ್ತು. ಪತ್ರಗಳು ಜಾಲತಾಣಕ್ಕೆ ಬಂದ ಮೇಲೆ ಸಾವಿರಾರು ಮೈಲಿ ದೂರದಲ್ಲಿ ಕುಳಿತವನಿಗೂ ಅದೇ ನಕಲು ಸಿಗುವಂತಾಯಿತು. ಒಂದೇ ಪತ್ರದಲ್ಲಿ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಹೆಬ್ಬೆಟ್ಟು ಎಲ್ಲವೂ ಇದ್ದವು. ಆ ಹೆಬ್ಬೆಟ್ಟಿನ ಚಿತ್ರದಿಂದ ರಬ್ಬರಿನಂಥ ಅಚ್ಚು ಮಾಡಿಕೊಂಡು, ಯಂತ್ರದ ಮೇಲೆ ಅದನ್ನೇ ಒತ್ತಿ ಹಣ ತೆಗೆಯುತ್ತಿದ್ದರು.

ಇದು ನಮ್ಮ ಸದಸ್ಯೆಯೊಬ್ಬರ ಕಥೆ ಮಾತ್ರವಲ್ಲ. 2023ರಲ್ಲಿ ಮಂಗಳೂರು ಸೇರಿದಂತೆ ರಾಜ್ಯದ ಹಲವು ಕಡೆ, ಉಪನೋಂದಣಿ ಕಚೇರಿಗೆ ಹೋಗಿ ಬಂದವರ ಖಾತೆಗಳಿಂದ ಹಣ ಹೋದ ದೂರುಗಳು ದಾಖಲಾದವು. ಆ ವರ್ಷ ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರದಿಂದ ಕೆಲವರನ್ನು ಬಂಧಿಸಿ ತಂದರು. ಆ ಬಳಿಕ ನೋಂದಣಿ ಇಲಾಖೆಯು ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು. ಒಳ್ಳೆಯದೇ ಆಯಿತು. ಆದರೆ 2018ರಲ್ಲಿಯೇ ತೆಲಂಗಾಣದಲ್ಲಿ ಒಬ್ಬಾತ ನೋಂದಣಿ ಪತ್ರಗಳ ಬೆರಳಚ್ಚಿನಿಂದ ಅಚ್ಚು ಮಾಡಿ ಸಿಮ್ ಕಾರ್ಡುಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಪಕ್ಕದ ತೋಟಕ್ಕೆ ಕೊಳೆ ಬಂದದ್ದು ಕಂಡೂ ಐದು ವರ್ಷ ಬೋರ್ಡೋ ದ್ರಾವಣ ಕಲಸದೆ ಕುಳಿತಂತಾಯಿತು ಎನ್ನದೆ ವಿಧಿಯಿಲ್ಲ. ಅಲ್ಲದೆ ಅಷ್ಟರೊಳಗೆ ಯಾರ್ಯಾರು ಎಷ್ಟೆಷ್ಟು ಪತ್ರಗಳನ್ನು ಇಳಿಸಿಕೊಂಡಿದ್ದರೋ ಅವು ಅವರ ಬಳಿಯೇ ಉಳಿದಿವೆ. ಪಿನ್ ಸಂಖ್ಯೆ ಹೊರಬಿದ್ದರೆ ಬೇರೆ ಪಿನ್ ಇಟ್ಟುಕೊಳ್ಳಬಹುದು. ಹೆಬ್ಬೆರಳನ್ನು ಬದಲಾಯಿಸುವುದೆಲ್ಲಿಂದ ಬಂತು?

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಅಡಿಕೆ ಸುಲಿದು, ಕಾಫಿ ಕೊಯ್ದು ಬೆರಳು ಸವೆದುಹೋದ ನಮ್ಮ ಆಳುಗಳಿಗೆ ಪಡಿತರದ ಅಂಗಡಿಯಲ್ಲಿ ಹತ್ತು ಸಲ ಒತ್ತಿದರೂ ಗುರುತು ಹೊಂದುವುದಿಲ್ಲ. ಕಳ್ಳನ ರಬ್ಬರ್ ಬೆರಳು ಮಾತ್ರ ಸಲೀಸಾಗಿ ಹೊಂದಿತು! ಯಂತ್ರಕ್ಕೆ ಒತ್ತಿದ್ದು ಜೀವಂತ ಬೆರಳೇ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಪ್ರಕಟಿಸಿತ್ತು. ಯಂತ್ರ ಇಟ್ಟುಕೊಳ್ಳುವವರ ಪೂರ್ವಾಪರವನ್ನು ಬ್ಯಾಂಕುಗಳು ಬಿಗಿಯಾಗಿ ಪರಿಶೀಲಿಸಬೇಕೆಂದು ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಆದೇಶ ಮಾಡಿ, 2026ರ ಜನವರಿ 1ರಿಂದ ಜಾರಿ ಎಂದಿತು. ಇವೆಲ್ಲ ಅವರ ಕಡೆಯ ಕೆಲಸ. ನಮ್ಮ ಕಡೆಯಿಂದ ಆಗಬೇಕಾದದ್ದು ಬೇರೆ ಇದೆ.

ಮುಖ್ಯವಾದದ್ದು ಬೆರಳಚ್ಚಿಗೆ ಬೀಗ ಹಾಕುವುದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಇದಕ್ಕೆ ಅವಕಾಶವಿದೆ, ಶುಲ್ಕವಿಲ್ಲ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಓ.ಟಿ.ಪಿ. ಹಾಕಿ ಬಯೋಮೆಟ್ರಿಕ್ ಲಾಕ್ ಮಾಡಿದರೆ, ಆಮೇಲೆ ಯಾವ ಬೆರಳನ್ನು ಒತ್ತಿದರೂ, ನಮ್ಮದೇ ಬೆರಳಾದರೂ ಸರಿ, ಯಂತ್ರ ಒಪ್ಪುವುದಿಲ್ಲ. ಇದರಿಂದ ಪಿ.ಎಂ. ಕಿಸಾನ್ ಹಣ, ಬೆಳೆ ಪರಿಹಾರ, ಸಬ್ಸಿಡಿ ನಿಂತುಹೋಗುತ್ತದೆಂದು ಕೆಲವರು ಹೆದರಿದ್ದಾರೆ. ಹಾಗಾಗುವುದಿಲ್ಲ. ಖಾತೆಗೆ ಹಣ ಬಂದು ಸೇರಲು ಬೆರಳು ಬೇಕಿಲ್ಲ. ಆಧಾರ್ ಜೋಡಣೆಯಿದ್ದರೆ ಸಾಕು. ಆದರೆ ಪಡಿತರಕ್ಕೋ, ಇ-ಕೆವೈಸಿಗೋ, ಪಿಂಚಣಿದಾರರ ಜೀವಿತ ಪ್ರಮಾಣಕ್ಕೋ ಬೆರಳು ಒತ್ತುವ ಮುಂಚೆ ಬೀಗವನ್ನು ಕೆಲವು ನಿಮಿಷಗಳ ಮಟ್ಟಿಗೆ ತೆರೆಯಬೇಕು. ತೋಟದ ಗೇಟಿನ ಬೀಗಕ್ಕೂ ಈ ತೊಂದರೆ ಇದ್ದದ್ದೇ, ಅದಕ್ಕಾಗಿ ಯಾರೂ ಗೇಟು ತೆರೆದಿಟ್ಟು ಮಲಗುವುದಿಲ್ಲ. ಈ ವ್ಯವಸ್ಥೆಯೇ ಬೇಡವೆನ್ನುವವರು ತಮ್ಮ ಖಾತೆಗೆ ಎ.ಇ.ಪಿ.ಎಸ್. ನಿಲ್ಲಿಸುವಂತೆ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿರಿ. ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆಯೆಂಬ ಕಳೆದ ಆರು ತಿಂಗಳ ಪಟ್ಟಿ ಕೂಡ ಅದೇ ಜಾಲತಾಣದಲ್ಲಿ ಸಿಗುತ್ತದೆ. ಗೋದಾಮಿನ ಲೆಕ್ಕ ನೋಡಿದ ಹಾಗೆ ಆಗಾಗ ಅದನ್ನೂ ನೋಡುವುದು ಲೇಸು.

ಎರಡನೆಯದು, ಆಧಾರಿನ ಜೆರಾಕ್ಸ್. ಕೇಳಿದವರಿಗೆಲ್ಲ ಕೊಡುವುದು ನಮಗೆ ರೂಢಿಯಾಗಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಚ್ಚಿದ ಆಧಾರ್ ಪ್ರತಿಯನ್ನು ಪ್ರಾಧಿಕಾರವೇ ಕೊಡುತ್ತದೆ. 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿ, ಜೆರಾಕ್ಸನ್ನು ಎಲ್ಲರಿಗೂ ಕೊಡಬೇಡಿ, ಈ ಮುಚ್ಚಿದ ಪ್ರತಿ ಬಳಸಿ ಎಂದು ಪ್ರಕಟಣೆ ಕೊಟ್ಟಿತು. ಜನ ಗಾಬರಿಯಾದಾರೆಂದು ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಎರಡು ದಿನದ ಸಲಹೆಯೇ ಸರಿಯಾಗಿತ್ತು.

ಹೀಗೆನ್ನುವಾಗ ನಮ್ಮ ಕಚೇರಿಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸದಸ್ಯರ ಆಧಾರ್ ಜೆರಾಕ್ಸುಗಳನ್ನು ವರ್ಷಗಟ್ಟಲೆ ದಾರ ಕಟ್ಟಿ ತೆರೆದ ಕಪಾಟಿನಲ್ಲಿಟ್ಟವರು ನಾವೇ. ಡಿವಿಡೆಂಡ್ ಪಟ್ಟಿಯನ್ನು ಖಾತೆ ಸಂಖ್ಯೆ ಸಮೇತ ವಾಟ್ಸಾಪ್ ಗುಂಪಿಗೆ ಹಾಕಿದವನು ನಾನೇ. ಬೇಗ ತಲುಪಲಿ ಎಂಬ ಸದುದ್ದೇಶವಿತ್ತು. ಆದರೆ ಆ ಗುಂಪಿನಲ್ಲಿ ಮುನ್ನೂರಕ್ಕೂ ಮೇಲ್ಪಟ್ಟು ಮೊಬೈಲುಗಳಿದ್ದವು, ಅವನ್ನು ಯಾರ್ಯಾರು ಹಿಡಿದಿರುತ್ತಾರೋ ಬಲ್ಲವರಾರು? ನಮ್ಮ ಪಹಣಿ ಹೇಗೂ ಜಾಲತಾಣದಲ್ಲಿದೆ. ಯಾರ ಹೆಸರಿಗೆ ಎಷ್ಟು ಎಕರೆ, ಯಾವ ಬ್ಯಾಂಕಿನ ಸಾಲ ಎಂಬುದು ಅದರಲ್ಲಿ ಯಾರಿಗೂ ಕಾಣುತ್ತದೆ. ಬ್ಯಾಂಕಿನ ಹೆಸರು ಅಲ್ಲಿಂದ, ಆಧಾರ್ ಸಂಖ್ಯೆ ಇನ್ನೊಂದು ಕಡೆಯಿಂದ, ಖಾತೆ ಸಂಖ್ಯೆ ನನ್ನ ವಾಟ್ಸಾಪಿನಿಂದ! ಬಿಡಿಬಿಡಿಯಾಗಿ ಯಾವುದೂ ದೊಡ್ಡದಲ್ಲ, ಒಂದೆಡೆ ಸೇರಿಸಿದವನಿಗೆ ಪೂರ್ತಿ ಮನುಷ್ಯನೇ ಸಿಕ್ಕಂತೆ. ಆ ಪಟ್ಟಿಯನ್ನು ಅಳಿಸಿದ್ದೇನೆ. ಹಳೆಯ ಜೆರಾಕ್ಸುಗಳಲ್ಲಿ ಬೇಡವಾದವನ್ನು ಆಡಳಿತ ಮಂಡಳಿಯ ಅನುಮತಿ ಪಡೆದು ಸುಟ್ಟು, ಉಳಿದವನ್ನು ಬೀಗದಲ್ಲಿಟ್ಟಿದ್ದೇವೆ.

ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸತಕ್ಕದ್ದು. ಗ್ರಾಹಕನ ತಪ್ಪಿಲ್ಲದ ಮೋಸದಲ್ಲಿ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟವನ್ನು ಗ್ರಾಹಕ ಹೊರಬೇಕಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತ್ತು. ನಮ್ಮ ಸದಸ್ಯೆಯ ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಊರು ಬಿಟ್ಟ ಮಗನ ಹಳೆಯ ಸಂಖ್ಯೆ, ಬಳಕೆಯಲ್ಲಿರಲಿಲ್ಲ. ಸಂದೇಶಗಳು ಬಂದವು, ಓದುವವರಿರಲಿಲ್ಲ. ಪಾಸ್‌ಬುಕ್ ಬರೆಸುವ ಹೊತ್ತಿಗೆ ಹತ್ತೊಂಬತ್ತು ದಿನಗಳಾಗಿದ್ದವು. ದೂರು, ಅಲೆದಾಟ ಎಲ್ಲ ಆಯಿತು. ಹಣ ಈ ತನಕ ಬಂದಿಲ್ಲ. ಆದುದರಿಂದ ನಿಮ್ಮ ಖಾತೆಗೂ ಆಧಾರಿಗೂ ಇರುವ ಮೊಬೈಲ್ ಸಂಖ್ಯೆ ಈಗ ಯಾರ ಕೈಯಲ್ಲಿದೆ ಎಂದು ಈ ವಾರವೇ ವಿಚಾರಿಸಿಕೊಳ್ಳಿರಿ.

ಮುಂದಿನ ತಿಂಗಳ ಪ್ರತಿ ಸಂತೆಯ ದಿನ ಬೆಳಿಗ್ಗೆ 10ರಿಂದ 1ರವರೆಗೆ ಸಂಘದ ಕಚೇರಿಯಲ್ಲಿ ಬೀಗ ಹಾಕುವ ಕ್ರಮವನ್ನು ತೋರಿಸಿಕೊಡಲಾಗುವುದು. ಆಧಾರಿಗೆ ಜೋಡಿಸಿದ ಮೊಬೈಲನ್ನು ತಪ್ಪದೆ ತರಬೇಕು. ಓ.ಟಿ.ಪಿ.ಯನ್ನು ನೀವೇ ಒತ್ತಬೇಕು. ಕಚೇರಿಯ ಸಿಬ್ಬಂದಿಗೂ, ನನಗೂ ಹೇಳಬಾರದು. ಜೆರಾಕ್ಸ್ ತರುವ ಅಗತ್ಯವಿಲ್ಲ.

— ಕಾರ್ಯದರ್ಶಿ