ಕಾಲೇಜಿನ ಅಂಗಳದಲ್ಲಿ ಉಗ್ರಾಣವೂ ತೊಟ್ಟಿಲೂ

ವಿದ್ಯೆಯು ಕೈಗೂಡಬೇಕಾದರೆ ಗುರುವು ಬೇಕು, ಗ್ರಂಥವು ಬೇಕು, ಶ್ರದ್ಧೆಯು ಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಅದು ನಿಜವೇ. ಆದರೆ ಈ ಮೂರೂ ಇದ್ದು, ಬಸ್ಸಿಗೆ ಕೊಡಲು ಕಾಸಿಲ್ಲದೆಯೋ, ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರಿಲ್ಲದೆಯೋ ಓದನ್ನು ನಿಲ್ಲಿಸಿದವರು ಎಷ್ಟು ಮಂದಿ! ಇಂತಹವರ ಲೆಕ್ಕವು ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ದೊರೆಯುವಂತಿಲ್ಲ. ಪರೀಕ್ಷೆಗೆ ಕುಳಿತವರ ಹೆಸರು ಮಾತ್ರವೇ ಅದರಲ್ಲಿರುವುದಷ್ಟೆ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಮ್ಯೂನಿಟಿ ಕಾಲೇಜುಗಳೆಂಬ ವಿದ್ಯಾಶಾಲೆಗಳುಂಟು. ಅವುಗಳಲ್ಲಿ ಕೆಲವು ಈ ನಡುದಾರಿಯಲ್ಲಿ ಕಾಣೆಯಾದವರ ಲೆಕ್ಕವನ್ನು ತೆಗೆದು ನೋಡಿ, ಅವರನ್ನು ಹಿಡಿದು ನಿಲ್ಲಿಸಲು ಏನೇನು ಮಾಡಿದುವೆಂಬುದನ್ನು ನಮ್ಮ ವಾಚಕರಿಗೆ, ಮುಖ್ಯವಾಗಿ ನಮ್ಮ ಸೋದರಿಯರಿಗೆ, ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ಕಾಲೇಜುಗಳ ಹುಟ್ಟು ಬಹು ಸಣ್ಣದು. 1901ರಲ್ಲಿ ಶಿಕಾಗೊ ನಗರಕ್ಕೆ ಸಮೀಪದ ಜೋಲಿಯೆಟ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಮೇಲಿನ ಎರಡು ವರ್ಷಗಳ ಪಾಠವನ್ನು ಪ್ರಾರಂಭಿಸಿದರು. ಊರಿನ ಶಾಲೆಯ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಬ್ರೌನ್ ಎಂಬವರೂ, ಶಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೈನಿ ಹಾರ್ಪರ್ ಎಂಬವರೂ ಇದಕ್ಕೆ ಕಾರಣಪುರುಷರು. ಮೊದಲು ಸೇರಿದ ವಿದ್ಯಾರ್ಥಿಗಳು ಆರು ಜನ. ಮನೆಯನ್ನು ಬಿಟ್ಟು ದೂರದ ವಿಶ್ವವಿದ್ಯಾನಿಲಯಕ್ಕೆ ಹೋಗಲಾರದವರು ತಮ್ಮ ಊರಿನಲ್ಲಿಯೇ ಎರಡು ವರ್ಷ ಓದಿ, ಅನುಕೂಲವಾದರೆ ಮುಂದಿನ ಎರಡು ವರ್ಷಕ್ಕೆ ಅಲ್ಲಿಗೆ ಹೋಗಲಿ ಎಂಬುದೇ ಅವರ ಉದ್ದೇಶ. ಎರಡನೆಯ ಮಹಾಯುದ್ಧವು ಮುಗಿಯುತ್ತ ಬಂದಾಗ, ಊರಿಗೆ ಮರಳುವ ಯೋಧರ ಓದಿನ ಖರ್ಚನ್ನು ಸರ್ಕಾರವು ವಹಿಸುವುದೆಂದು 1944ರಲ್ಲಿ ಶಾಸನವಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಮಂಡಲಿಯು ದೇಶದ ಎಲ್ಲೆಡೆಯಲ್ಲಿಯೂ ಇಂತಹ ಕಾಲೇಜುಗಳು ಏಳಬೇಕೆಂದು ಸೂಚಿಸಿತು. ‘ಕಮ್ಯೂನಿಟಿ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದುದು ಮುಖ್ಯವಾಗಿ ಆ ಮಂಡಲಿಯ ವರದಿಯಿಂದಲೇ. ಈಗ ಅವುಗಳ ಸಂಖ್ಯೆ ಸುಮಾರು ಒಂದು ಸಾವಿರ. ಕ್ಯಾಲಿಫೋರ್ನಿಯ ಸಂಸ್ಥಾನವೊಂದರಲ್ಲಿಯೇ 116 ಇರುವುವು.

ಇವುಗಳ ಹೆಗ್ಗಳಿಕೆಯೆಂದರೆ ತೆರೆದ ಬಾಗಿಲು. ಇಷ್ಟು ಅಂಕ ಬಂದಿದ್ದರೆ ಮಾತ್ರ ಒಳಗೆ ಬಾ ಎಂಬ ಕಟ್ಟಳೆಯು ಬಹುಮಟ್ಟಿಗೆ ಇಲ್ಲಿಲ್ಲ. ಹದಿನೆಂಟರ ಹುಡುಗನ ಪಕ್ಕದಲ್ಲಿ ನಲವತ್ತರ ಗೃಹಿಣಿಯು ಕುಳಿತಿರುವಳು. ಹಗಲೆಲ್ಲ ಅಂಗಡಿಯಲ್ಲಿ ದುಡಿದವನು ಸಂಜೆಯ ಪಾಠಕ್ಕೆ ಬರುವನು. ದಾದಿಯ ವೃತ್ತಿ, ಬೆಸುಗೆಯ ಕೆಲಸ, ಮೋಟಾರು ದುರಸ್ತಿ, ಲೆಕ್ಕಪತ್ರ, ಹೊಸದಾಗಿ ದೇಶಕ್ಕೆ ಬಂದವರಿಗೆ ಇಂಗ್ಲಿಷ್ ಭಾಷೆ, ಇವೆಲ್ಲವೂ ಒಂದೇ ಸೂರಿನಡಿಯಲ್ಲಿ ದೊರೆಯುವುವು. ಫೀಜು ವಿಶ್ವವಿದ್ಯಾನಿಲಯಗಳಿಗಿಂತ ಬಹಳ ಕಡಮೆ. 1972ರ ಶಾಸನದಿಂದ ಏರ್ಪಟ್ಟು, ಬಳಿಕ ಪೆಲ್ ಎಂಬ ಸೆನೆಟ್ ಸದಸ್ಯರ ಹೆಸರನ್ನು ಪಡೆದ ಸರ್ಕಾರೀ ವಿದ್ಯಾರ್ಥಿವೇತನವುಂಟು, ಅದನ್ನು ಹಿಂದಿರುಗಿಸಬೇಕಾದುದಿಲ್ಲ. ಬಡವರ ಫೀಜು ಅನೇಕ ಕಡೆಗಳಲ್ಲಿ ಅದರಿಂದಲೇ ತೀರಿಹೋಗುವುದು.

ಹಾಗಾದರೆ ಇನ್ನೇನು ಕೊರತೆ ಎಂದು ವಾಚಕರು ಕೇಳಬಹುದು. ಕೊರತೆಯಿರುವುದು ಇಲ್ಲಿಯೇ: ಬಾಗಿಲು ತೆರೆದಿದೆಯೆಂದು ಒಳಗೆ ಬಂದವರಲ್ಲಿ ಬಹುಮಂದಿ ಪದವಿಯ ಕಾಗದವನ್ನು ಹಿಡಿದು ಹೊರಗೆ ಹೋಗುವುದಿಲ್ಲ. ಸದ್ದಿಲ್ಲದೆ ಬಿಟ್ಟುಹೋಗುತ್ತಾರೆ. ದಡ್ಡರಾದುದರಿಂದ ಬಿಟ್ಟರು, ಸೋಮಾರಿಗಳಾದುದರಿಂದ ಬಿಟ್ಟರು ಎಂದು ಬಹಳ ಕಾಲ ಜನರು ತೀರ್ಮಾನಿಸಿಕೊಂಡಿದ್ದರು. ಟೆಕ್ಸಾಸ್ ಸಂಸ್ಥಾನದ ಅಮರಿಲೊ ಕಾಲೇಜಿನವರು ಹೀಗೆ ಊಹಿಸುವುದನ್ನು ಬಿಟ್ಟು ವಿದ್ಯಾರ್ಥಿಗಳನ್ನೇ ಕೇಳಿದರು. ಬಂದ ಉತ್ತರಗಳಲ್ಲಿ ಮುಂದೆ ನಿಂತವು ಗಣಿತವೂ ಅಲ್ಲ, ವ್ಯಾಕರಣವೂ ಅಲ್ಲ. ಮಗುವನ್ನು ಬಿಡಲು ಸ್ಥಳವಿಲ್ಲ, ಕಾರು ಕೆಟ್ಟು ನಿಂತಿದೆ, ಬಾಡಿಗೆ ಬಾಕಿಯಿದೆ, ಕಾಯಿಲೆಗೆ ವೈದ್ಯರಿಲ್ಲ, ಊಟಕ್ಕೆ ಸಾಲದು ಎಂಬಂತಹ ಮಾತುಗಳು. ಆ ಕಾಲೇಜಿನವರು ತಮ್ಮಲ್ಲಿಗೆ ಬರುವ ಸಾಮಾನ್ಯ ವಿದ್ಯಾರ್ಥಿಯ ಚಿತ್ರವೊಂದನ್ನು ಅಂಕಿಗಳಿಂದ ರಚಿಸಿಕೊಂಡು ಆಕೆಗೆ ‘ಮರಿಯಾ’ ಎಂದು ಹೆಸರಿಟ್ಟರು. ದುಡಿಯುತ್ತಲೇ ಓದುವ ತಾಯಿ ಆಕೆ. ಆಕೆಯ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು ಹಿಂದೆ ಯಾರೂ ಇಲ್ಲ. ಕಾಲೇಜಿನ ಪ್ರತಿಯೊಂದು ನಿಯಮವನ್ನು ಮಾಡುವಾಗಲೂ ಇದು ಮರಿಯಾಳಿಗೆ ಒಗ್ಗುವುದೇ ಎಂದು ಕೇಳಿಕೊಳ್ಳತೊಡಗಿದರು. ಕಾಲೇಜಿನೊಳಗೇ ಒಂದು ಸಹಾಯಶಾಖೆಯನ್ನು ತೆರೆದು, ಅಲ್ಲಿ ಸಮಾಜಸೇವಕರನ್ನೂ ಆಹಾರದ ಉಗ್ರಾಣವನ್ನೂ ಉಡುಪುಗಳ ಕಪಾಟನ್ನೂ ಇರಿಸಿದರು. ನಮಗೆ ಈ ಉಪಾಯವು ಬಹಳ ಹಿಡಿಸಿದೆ. ‘ವಿದ್ಯಾರ್ಥಿಗಳು’ ಎಂಬ ಬಹುವಚನಕ್ಕೆ ಹಸಿವಾಗುವುದಿಲ್ಲ, ಮರಿಯಾಳಿಗೆ ಹಸಿವಾಗುವುದು.

ಉಗ್ರಾಣವೆಂದೆವಷ್ಟೆ. ಅದನ್ನು ಕುರಿತು ಸ್ವಲ್ಪ ಹೆಚ್ಚಾಗಿ ಹೇಳಬೇಕು. ಈಗ ಅಲ್ಲಿಯ ಬಹುತೇಕ ಕಮ್ಯೂನಿಟಿ ಕಾಲೇಜುಗಳಲ್ಲಿ ಇಂತಹ ಒಂದು ಕೋಣೆಯಿರುವುದು. ಅಕ್ಕಿ, ಕಾಳು, ರೊಟ್ಟಿ, ಡಬ್ಬಿಯಲ್ಲಿಟ್ಟ ತರಕಾರಿ, ಹಾಲಿನ ಪುಡಿ, ಸೋಪು, ಕೂಸಿನ ಬಟ್ಟೆ ಮುಂತಾದುವನ್ನು ದಾನಿಗಳಿಂದಲೂ ಊರಿನ ಅನ್ನಭಂಡಾರಗಳಿಂದಲೂ ತಂದು ತುಂಬುವರು. ಕೆಲವು ಕಡೆಗಳಲ್ಲಿ ಇದನ್ನು ಅಂಗಡಿಯಂತೆಯೇ ಜೋಡಿಸಿರುವರು: ವಿದ್ಯಾರ್ಥಿಯು ತನ್ನ ಗುರುತಿನ ಚೀಟಿಯನ್ನು ತೋರಿಸಿ, ತನಗೆ ಬೇಕಾದುದನ್ನು ತಾನೇ ಆರಿಸಿ ಚೀಲಕ್ಕೆ ಹಾಕಿಕೊಳ್ಳುವನು. ಕೊಟ್ಟುದನ್ನು ಕೈಯೊಡ್ಡಿ ಪಡೆಯುವುದಕ್ಕೂ ಬೇಕಾದುದನ್ನು ಆರಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ಬಡತನವನ್ನು ಕಂಡವರೇ ಬಲ್ಲರು. ನಮ್ಮ ನಾಡಿನಲ್ಲಿ ವಾರಾನ್ನವುಂಡು ಓದಿದವರ ತಲೆಮಾರುಗಳೇ ಆಗಿಹೋದುವು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಬಡಿಸಿದ ತಾಯಂದಿರ ಪುಣ್ಯವು ದೊಡ್ಡದು. ಆದರೂ ಆ ಹೊಸಿಲನ್ನು ದಾಟುವಾಗ ಹುಡುಗನ ಮನಸ್ಸು ಎಷ್ಟು ಕುಗ್ಗುತ್ತಿದ್ದಿತೋ! ಜಾತಿಯನ್ನು ವಿಚಾರಿಸದೆ ಎಲೆ ಹಾಕಿದ ಮನೆಗಳೂ ವಿರಳವಾಗಿದ್ದುವೆಂಬುದನ್ನು ನಾವು ಮರೆಯಲಾಗದು. ಕಾಲೇಜಿನ ಉಗ್ರಾಣದಲ್ಲಿ ಕೇಳುವ ಪ್ರಶ್ನೆಯೊಂದೇ: ನೀನು ಇಲ್ಲಿಯ ವಿದ್ಯಾರ್ಥಿಯೆ?

ಸರ್ಕಾರವು ಬಡವರಿಗೆ ಆಹಾರಕ್ಕಾಗಿ ಸಹಾಯಧನವನ್ನು ಕೊಡುವುದಿಲ್ಲವೆ ಎಂದರೆ, ಕೊಡುವುದು. ಆದರೆ ಕಾಲೇಜಿನಲ್ಲಿ ಅರ್ಧಕಾಲಕ್ಕಿಂತ ಕಡಮೆಯಿಲ್ಲದೆ ಓದುವವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಾರಕ್ಕೆ 20 ಗಂಟೆಯಾದರೂ ದುಡಿಯುತ್ತಿದ್ದರೆ ಮಾತ್ರ ಆ ಸಹಾಯಕ್ಕೆ ಅರ್ಹರು. ವಿದ್ಯಾರ್ಥಿಗೆ ಅನ್ನವಿಕ್ಕಲು ತಾಯಿತಂದೆಗಳಿರುವರೆಂಬ ಭಾವನೆಯಿಂದ ಮಾಡಿದ ನಿಯಮವಿದು. ಓದುವವಳೇ ತಾಯಿಯಾಗಿರುವಾಗ ಈ ನಿಯಮವು ಎಡವುವುದು. ಚಿಕ್ಕ ಮಕ್ಕಳ ಪಾಲನೆ ಮಾಡುವವರಿಗೆ ವಿನಾಯಿತಿಯುಂಟು, ನಿಜ. ಆದರೆ ಅದು ತನಗೆ ಸಲ್ಲುವುದೆಂದು ಅವಳಿಗೆ ಹೇಳುವವರು ಬೇಕು. ಅರ್ಜಿಯನ್ನು ತುಂಬಲು ಪಕ್ಕದಲ್ಲಿ ಕುಳಿತು ನೆರವಾಗುವುದೂ ಮೇಲೆ ಹೇಳಿದ ಸಹಾಯಶಾಖೆಗಳ ಕೆಲಸಗಳಲ್ಲೊಂದು.

ಇನ್ನು ತೊಟ್ಟಿಲಿನ ಮಾತು. 2015–16ನೆಯ ಸಾಲಿನ ಅಂಕಿಗಳಂತೆ ಆ ದೇಶದಲ್ಲಿ ಪದವಿಗಾಗಿ ಓದುತ್ತಿದ್ದವರಲ್ಲಿ ನೂರಕ್ಕೆ ಸುಮಾರು 22 ಮಂದಿ ಮಕ್ಕಳೊಂದಿಗರು. ಇವರಿಗಾಗಿ ಅನೇಕ ಕಾಲೇಜುಗಳಲ್ಲಿ ಶಿಶುವಿಹಾರಗಳಿರುವುವು. ತಾಯಿಯು ಮಗುವನ್ನು ಅಲ್ಲಿ ಬಿಟ್ಟು ಪಾಠಕ್ಕೆ ಹೋಗಿ, ನಡುವೆ ಬಿಡುವಿನಲ್ಲಿ ಬಂದು ನೋಡಬಹುದು. ಶಿಶುಶಿಕ್ಷಣವನ್ನು ಕಲಿಯುವ ವಿದ್ಯಾರ್ಥಿನಿಯರಿಗೆ ಅದೇ ಅಭ್ಯಾಸದ ಸ್ಥಳವೂ ಆಗುವುದು. ಒಂದು ಕೆಲಸದಿಂದ ಎರಡು ಫಲ. ಬಡ ತಾಯಿತಂದೆಗಳ ಮಕ್ಕಳ ಪಾಲನೆಗಾಗಿ ಕಾಲೇಜುಗಳಿಗೆ ಕೇಂದ್ರಸರ್ಕಾರದ ಹಣ ಸಲ್ಲುವ ಏರ್ಪಾಡು 1998ರಲ್ಲಿ ಶಾಸನಕ್ಕೆ ಸೇರಿತು. ಆದರೆ ಬೇಡಿಕೆಗೆ ತಕ್ಕಷ್ಟು ಸ್ಥಳಗಳಿಲ್ಲ, ಕಾಯುವವರ ಪಟ್ಟಿಗಳು ಉದ್ದವಾಗಿರುವುವು. ಸಂಜೆಯ ಪಾಠಗಳ ಹೊತ್ತಿಗೆ ಶಿಶುವಿಹಾರದ ಬಾಗಿಲು ಮುಚ್ಚಿರುವುದೂ ಉಂಟು. ಹಗಲು ದುಡಿದು ರಾತ್ರಿ ಓದುವವಳಿಗೆ ಹಗಲಿನ ಶಿಶುವಿಹಾರದಿಂದ ಏನು ಪ್ರಯೋಜನ? ಈ ವಿಷಯದಲ್ಲಿ ಕಾಲೇಜುಗಳು ಇನ್ನೂ ಬಹಳ ದೂರ ನಡೆಯಬೇಕಾಗಿದೆ.

ವಸತಿಯ ಸ್ಥಿತಿಯಂತೂ ಇನ್ನೂ ಕಷ್ಟ. ಊರಿನವರಿಗಾಗಿ ಹುಟ್ಟಿದ ಕಾಲೇಜುಗಳಾದುದರಿಂದ ಬಹುಪಾಲಿಗೆ ವಿದ್ಯಾರ್ಥಿನಿಲಯಗಳೇ ಇಲ್ಲ. ಬಾಡಿಗೆಗಳು ಏರಿದ ಊರುಗಳಲ್ಲಿ ಕೆಲವರು ತಮ್ಮ ಕಾರಿನಲ್ಲಿಯೇ ಮಲಗಿ ಬೆಳಗಿನ ಪಾಠಕ್ಕೆ ಬರುವರೆಂದರೆ ನಮ್ಮ ವಾಚಕರು ನಂಬಲಾರರು. ಸಂಪತ್ತಿನ ದೇಶವೆಂದು ನಾವು ದೂರದಿಂದ ನೋಡುವ ನಾಡಿನಲ್ಲಿ ಹೀಗುಂಟು. ವ್ಯಾಯಾಮಶಾಲೆಯ ಸ್ನಾನದ ಮನೆಗಳುಳ್ಳ ಕಾಲೇಜುಗಳು ಮನೆಯಿಲ್ಲದ ವಿದ್ಯಾರ್ಥಿಗಳಿಗೆ ಅವುಗಳನ್ನು ತೆರೆದಿಡಬೇಕೆಂದು ಕ್ಯಾಲಿಫೋರ್ನಿಯದಲ್ಲಿ 2016ರಲ್ಲಿ ಶಾಸನವಾಯಿತು. 2021ರಲ್ಲಿ ಲಾಂಗ್ ಬೀಚ್ ಸಿಟಿ ಕಾಲೇಜಿನವರು, ಕಾರಿನಲ್ಲಿ ಮಲಗುವ ತಮ್ಮ ವಿದ್ಯಾರ್ಥಿಗಳು ರಾತ್ರಿಯ ಹೊತ್ತು ಕಾಲೇಜಿನ ವಾಹನಶಾಲೆಯಲ್ಲಿ ಕಾವಲಿನ ನಡುವೆ ನಿಲ್ಲಲು ಅವಕಾಶ ಮಾಡಿಕೊಟ್ಟರು. ಇದು ಮನೆಯಲ್ಲ, ಹಾಗೆಂದು ಅವರೂ ಹೇಳಿಕೊಳ್ಳುವುದಿಲ್ಲ. ಆದರೆ ಬೀದಿಯಲ್ಲಿ ಒಬ್ಬಂಟಿಯಾಗಿ ಮಲಗುವುದಕ್ಕಿಂತ ಇದು ಮೇಲು.

ಉಳಿದ ಅನುಕೂಲಗಳನ್ನು ಹೆಸರಿಸಿದರೆ ಸಾಕು. ಪುಸ್ತಕಾಲಯದಲ್ಲಿ ಪಠ್ಯಪುಸ್ತಕಗಳ ಪ್ರತಿಗಳೂ, ಅನೇಕ ಕಡೆ ಎರವಲಿಗೆ ಗಣಕಯಂತ್ರಗಳೂ ದೊರೆಯುವುವು. ತಿಳಿಯದ ಪಾಠವನ್ನು ಮತ್ತೆ ಹೇಳಿಕೊಡುವ ಕೇಂದ್ರಗಳಿವೆ. ಅಂಗವೈಕಲ್ಯವುಳ್ಳವರಿಗೆ ಪರೀಕ್ಷೆಯಲ್ಲಿ ಹೆಚ್ಚು ಕಾಲವನ್ನೂ ತಕ್ಕ ಸಾಧನಗಳನ್ನೂ ಕೊಡುವುದು 1973ರ ಶಾಸನದಿಂದೀಚೆಗೆ ಕಾಲೇಜಿನ ಕರ್ತವ್ಯವಾಗಿದೆ, ದಾಕ್ಷಿಣ್ಯವಲ್ಲ.

ಇಷ್ಟೆಲ್ಲ ಮಾಡಿದರೆ ವಿದ್ಯಾರ್ಥಿಗಳು ನಿಜವಾಗಿಯೂ ಓದನ್ನು ಮುಗಿಸುವರೆ? ಇದಕ್ಕೆ ಉತ್ತರವನ್ನು ಅಳೆದು ನೋಡಿದವರು ನ್ಯೂಯಾರ್ಕ್ ನಗರದವರು. ಆ ನಗರದ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಮ್ಯೂನಿಟಿ ಕಾಲೇಜುಗಳಲ್ಲಿ 2007ರಲ್ಲಿ ‘ಆಸಾಪ್’ ಎಂಬ ಯೋಜನೆಯು ಪ್ರಾರಂಭವಾಯಿತು. ಅದಕ್ಕೆ ಸೇರಿದವರಿಗೆ ವಿದ್ಯಾರ್ಥಿವೇತನದಿಂದ ತೀರದೆ ಉಳಿದ ಫೀಜು ಮಾಫಿ, ಪಠ್ಯಪುಸ್ತಕಗಳು ಉಚಿತ, ಬಸ್ಸು ಮತ್ತು ಸುರಂಗ ರೈಲುಗಳ ಪಾಸು ಉಚಿತ. ಬದಲಾಗಿ ಅವರು ಪೂರ್ಣಕಾಲ ಓದಬೇಕು, ತಮಗೆ ಗೊತ್ತುಮಾಡಿದ ಸಲಹೆಗಾರರನ್ನು ತಪ್ಪದೆ ಕಾಣಬೇಕು. ಕಾಣದಿದ್ದವರಿಗೆ ಮುಂದಿನ ತಿಂಗಳ ಪಾಸು ಇಲ್ಲ! ಈ ಕಟ್ಟು ನಮಗೆ ಕಠಿನವೆಂದು ತೋರಬಹುದು. ಆದರೆ ಯೋಚಿಸಿ ನೋಡಿದರೆ ಬಸ್ಸಿನ ಪಾಸು ನೆವ ಮಾತ್ರ. ಅದನ್ನು ಪಡೆಯಲು ಬಂದವನನ್ನು ಒಬ್ಬರು ಎದುರಿಗೆ ಕೂರಿಸಿಕೊಂಡು, ಗಣಿತ ಹೇಗೆ ಸಾಗಿದೆ, ಕಳೆದ ವಾರ ಏಕೆ ಬರಲಿಲ್ಲ, ಮನೆಯಲ್ಲಿ ಎಲ್ಲರೂ ಸೌಖ್ಯವೆ ಎಂದು ಕೇಳುವುದೇ ಇದರ ತಿರುಳು. ಸಾಮಾನ್ಯವಾಗಿ ಅಲ್ಲಿ ಒಬ್ಬ ಸಲಹೆಗಾರರ ಪಾಲಿಗೆ 600ರಿಂದ 1500 ವಿದ್ಯಾರ್ಥಿಗಳಿದ್ದರು. ಈ ಯೋಜನೆಯಲ್ಲಿ ಒಬ್ಬರಿಗೆ 60ರಿಂದ 80 ಮಂದಿ ಮಾತ್ರ. ಸಾವಿರ ಜನರ ಹೆಸರನ್ನು ಯಾರು ನೆನಪಿಡಬಲ್ಲರು?

2010ರಲ್ಲಿ ಈ ಯೋಜನೆಯ ಪರೀಕ್ಷೆಯು ಮೊದಲಾಯಿತು. ಮೂರು ಕಾಲೇಜುಗಳ 896 ಬಡ ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಯೋಜನೆಯ ಸೌಲಭ್ಯಗಳನ್ನೂ ಇನ್ನೊಂದಕ್ಕೆ ಎಂದಿನ ಅನುಕೂಲಗಳನ್ನೂ ಕೊಟ್ಟರು. ಜಾಣರನ್ನೇ ಆರಿಸಿಕೊಂಡರೆಂದು ಯಾರೂ ಆಕ್ಷೇಪಿಸುವಂತಿಲ್ಲ. ಮೂರು ವರ್ಷಗಳಾದ ಮೇಲೆ ನೋಡಿದರೆ, ಎಂದಿನಂತೆ ಓದಿದವರಲ್ಲಿ ನೂರಕ್ಕೆ 22 ಮಂದಿಯೂ, ಯೋಜನೆಯಲ್ಲಿದ್ದವರಲ್ಲಿ ನೂರಕ್ಕೆ 40 ಮಂದಿಯೂ ಪದವಿಯನ್ನು ಪಡೆದಿದ್ದರು. ಖರ್ಚು ತಲೆಗೆ ನೂರಕ್ಕೆ ಸುಮಾರು ಅರವತ್ತರಷ್ಟು ಹೆಚ್ಚಾಯಿತು. ಆದರೆ ಪದವಿ ಪಡೆದವರ ಸಂಖ್ಯೆಯು ಅದಕ್ಕಿಂತಲೂ ಹೆಚ್ಚಿದುದರಿಂದ, ಒಂದೊಂದು ಪದವಿಗೆ ತಗುಲಿದ ವೆಚ್ಚವು ಇಳಿಯಿತು. ಮನೆಯ ಲೆಕ್ಕವನ್ನು ಬರೆಯುವ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅರೆಬೆಂದ ಅನ್ನಕ್ಕೆ ಉರಿಸಿದ ಸೌದೆಯೇ ದುಂದು. ಮುಂದೆ ಓಹಿಯೊ ಸಂಸ್ಥಾನದ ಮೂರು ಕಾಲೇಜುಗಳಲ್ಲಿ ಇದೇ ಕ್ರಮವನ್ನು ನಡೆಸಿ ನೋಡಿದಾಗಲೂ 19 ಇದ್ದುದು 35 ಆಯಿತು.

ಹೀಗೆ ಊರುಗೋಲು ಕೊಟ್ಟರೆ ವಿದ್ಯಾರ್ಥಿಗಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಯುವರೆ ಎಂದು ಶಂಕಿಸುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಅನುಕೂಲಸ್ಥರ ಮಕ್ಕಳಿಗೆ ಬೆಳಗ್ಗೆ ತಿಂಡಿ ಕೊಟ್ಟು, ಫೀಜು ಕಟ್ಟಿ, ತಡವಾಗಿ ಬಂದರೆ ಏಕೆಂದು ಕೇಳುವವರು ಮನೆಯಲ್ಲಿಯೇ ಇರುವರು. ಅದನ್ನು ಯಾರೂ ಊರುಗೋಲೆಂದು ಕರೆಯುವುದಿಲ್ಲ.

ನಮ್ಮ ಕನ್ನಡದ ಹೆಣ್ಣುಮಕ್ಕಳಿಗೂ ಈ ಕಾಲೇಜುಗಳ ಸಂಬಂಧವಿಲ್ಲದಿಲ್ಲ. ಪತಿಯ ಉದ್ಯೋಗದ ನಿಮಿತ್ತ ಎಚ್-4 ಎಂಬ ರಹದಾರಿಯ ಮೇಲೆ ಅಮೇರಿಕಕ್ಕೆ ಹೋಗುವವರಿಗೆ, ಬಹುಮಂದಿಗೆ, ದುಡಿಯುವ ಅನುಮತಿಯಿಲ್ಲ, ಓದುವ ಅನುಮತಿಯುಂಟು. ಅಪರಿಚಿತ ಊರಿನಲ್ಲಿ ನಾಲ್ಕು ಗೋಡೆಗಳ ನಡುವೆ ಹಗಲನ್ನು ಕಳೆಯುವವರಿಗೆ ಸಮೀಪದ ಕಮ್ಯೂನಿಟಿ ಕಾಲೇಜು ಒಂದು ದಾರಿ. ಮೇಲೆ ಹೇಳಿದ ಪೆಲ್ ವೇತನವು ಇವರಿಗೆ ಸಲ್ಲದು. ಆ ಸಂಸ್ಥಾನದ ನಿವಾಸಿಗಳಿಗೆಂದು ಇರುವ ಕಡಮೆ ಫೀಜು ಇವರಿಗೆ ದೊರೆಯುವುದೋ ಇಲ್ಲವೋ ಎಂಬುದು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆಯಾಗುವುದರಿಂದ, ಹಣ ಕಟ್ಟುವ ಮೊದಲೇ ದಾಖಲೆಯ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ಪುಸ್ತಕಾಲಯ, ಪಾಠ ಹೇಳಿಕೊಡುವ ಕೇಂದ್ರ, ಸಲಹೆಗಾರರ ಸಮಯ ಇವು ಹೆಸರು ದಾಖಲಾದವರಿಗೆಲ್ಲ ತೆರೆದಿರುವುವು. ಮಗುವಿದ್ದರೆ, ಪಾಠಗಳ ವೇಳಾಪಟ್ಟಿಯನ್ನು ಆರಿಸುವ ಮುನ್ನ ಶಿಶುವಿಹಾರದಲ್ಲಿ ಸ್ಥಳವುಂಟೆ ಎಂದು ವಿಚಾರಿಸಿ ಹೆಸರು ಬರೆಯಿಸಬೇಕು. ಅಲ್ಲಿಯ ಪಟ್ಟಿಯು ತರಗತಿಗಳಿಗಿಂತ ಬೇಗ ತುಂಬುವುದು.