ಶೀತಲಾದೇವಿಯೂ ನಮ್ಮ ಮಾರಿಯಮ್ಮನೂ

ನಾವು ಕಲಕತ್ತೆಗೆ ಬಂದ ಮೊದಲ ವಸಂತದಲ್ಲಿ ನಮ್ಮ ಮಗುವಿಗೆ ಸೀತಾಳೆ ಸಿಡುಬು ಎದ್ದಿತು. ನೆರೆಮನೆಯ ಮಾಸಿಮಾ ಬೇವಿನ ಸೊಪ್ಪನ್ನು ತಂದು ಬಾಗಿಲಿಗೆ ಸಿಕ್ಕಿಸಿ, “ಮಾಯೇರ್ ದೊಯಾ” ಎಂದರು. ತಾಯಿಯ ದಯೆ ಎಂದು ಅದರ ಅರ್ಥ. ಅದೇ ಸಂಜೆ ಊರಿನಿಂದ ನಮ್ಮ ತಾಯಿಯವರು ದೂರವಾಣಿಯಲ್ಲಿ, “ಮಗುವಿಗೆ ಅಮ್ಮ ಆಗಿದೆ, ಒಗ್ಗರಣೆ ಹಾಕಬೇಡಿ” ಎಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಈ ಇಬ್ಬರು ಹಿರಿಯರು ಒಂದೇ ಮಾತನ್ನು ಆಡಿದುದು ಹೇಗೆ?

ಈ ನಗರದ ಗಲ್ಲಿಗಳಲ್ಲಿ ಶೀತಲಾದೇವಿಯ ಗುಡಿಗಳನ್ನು ನೀವು ಕಂಡಿರಬಹುದು. ಕತ್ತೆಯೇ ಅವಳ ವಾಹನ. ಕೈಯಲ್ಲಿ ಪೊರಕೆ ಮತ್ತು ನೀರಿನ ಕಲಶ, ತಲೆಯ ಮೇಲೆ ಮೊರ. ಶೀತಲೆ ಎಂದರೆ ತಂಪಾದವಳು. ಸಿಡುಬಿನ ಬೇಗೆಯನ್ನು ತರುವವಳೂ ಅವಳೇ, ತಣಿಸುವವಳೂ ಅವಳೇ ಎಂದು ಜನರ ನಂಬಿಕೆ. ನಮ್ಮ ಮಾರಿಯಮ್ಮನೂ ಹೀಗೆಯೇ ಅಲ್ಲವೆ?

ರಾಲ್ಫ್ ನಿಕೊಲಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಮೇದಿನೀಪುರದ ಹಳ್ಳಿಗಳಲ್ಲಿದ್ದು ಈ ದೇವಿಯ ಆರಾಧನೆಯನ್ನು ಅಭ್ಯಸಿಸಿದರು. ಅವರ ಪ್ರಬಂಧವು 1981ರಲ್ಲಿ ಪ್ರಕಟವಾಯಿತು. ಮರಾಠರ ದಾಳಿ, 1770ರ ಕ್ಷಾಮ ಮೊದಲಾದವುಗಳಿಂದ ಬಂಗಾಳವು ಕಂಗೆಟ್ಟ ಹದಿನೆಂಟನೆಯ ಶತಮಾನದಲ್ಲಿ ಶೀತಲೆಯ ಕಾವ್ಯಗಳೂ ಪೂಜೆಯೂ ಪ್ರಬಲವಾದುವೆಂದು ಅವರು ತೋರಿಸಿದರು. ಅದು ಒಂದು ಮನೆಯ ಪೂಜೆಯಲ್ಲ, ಇಡೀ ಊರು ಕೂಡಿ ಮಾಡುವ ಪೂಜೆ. ರೋಗವು ಎಲ್ಲರದಾದುದರಿಂದ ಶಾಂತಿಯೂ ಎಲ್ಲರದಾಗಬೇಕಾಯಿತು.

ಹಾಗಾದರೆ ಜನರು ಪೂಜೆಯೊಂದನ್ನೇ ನಂಬಿ ಕುಳಿತಿದ್ದರೆ? ಇಲ್ಲ. ಕಲಕತ್ತೆಯ ಗವರ್ನರರಾಗಿದ್ದ ಹಾಲ್ವೆಲ್ ಎಂಬವರು 1767ರಲ್ಲಿ ಬರೆದ ಪುಸ್ತಕದಲ್ಲಿ ಇಲ್ಲಿನ ಟೀಕಾದಾರರ ವರ್ಣನೆಯಿದೆ. ಸಿಡುಬಿನ ಕಾಲಕ್ಕೆ ಮುಂಚೆ ಮನೆಮನೆಗೆ ಬರುತ್ತಿದ್ದ ಅವರು ತೋಳನ್ನು ತುಸು ಗೀರಿ, ಹಿಂದಿನ ವರ್ಷದ ಗುಳ್ಳೆಯ ಕೀವನ್ನು ಗಂಗಾಜಲದಲ್ಲಿ ನೆನೆಸಿ ಹಚ್ಚುತ್ತಿದ್ದರು. ಬಾಯಲ್ಲಿ ಮಂತ್ರ, ಕೈಯಲ್ಲಿ ಸಾಧನ. ಲಸಿಕೆಯನ್ನು ಬಂಗಾಳಿಗಳು ಇಂದಿಗೂ ಟೀಕಾ ಎಂದೇ ಕರೆಯುತ್ತಾರೆ.

ಆದರೂ ಸತ್ಯವನ್ನು ಮರೆಮಾಚಬಾರದು. ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರನ್ನು ಕೊಲ್ಲುತ್ತಿದ್ದ ಆ ಮಹಾಮಾರಿಯನ್ನು ಅಳಿಸಿದುದು ಪೂಜೆಯಲ್ಲ, ಲಸಿಕೆ. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಹಾಗಿದ್ದರೆ ಹಿರಿಯರ ಮಾತು ವ್ಯರ್ಥವೆ? ರೋಗಿಯನ್ನು ದೇವಿಯೇ ಬಂದ ಮನೆಯೆಂದು ಬಗೆದಾಗ ಅವನನ್ನು ಹೇಸಿ ದೂರವಿಡಲು ಮನಸ್ಸು ಬಾರದು. ಕೊಠಡಿಯನ್ನು ಶುಚಿಯಾಗಿಡುವುದು, ಹೊರಗಿನವರ ಬರವನ್ನು ತಡೆಯುವುದು, ತಾಳ್ಮೆಯಿಂದ ಶುಶ್ರೂಷೆ ಮಾಡುವುದು ಇವೆಲ್ಲವೂ ಆಗ ವ್ರತದ ನಿಯಮಗಳಾಗುತ್ತವೆ.

ಅಂದು ನಾವು ವೈದ್ಯರನ್ನು ಕರೆಸಿದೆವು. ಬೇವಿನ ಸೊಪ್ಪನ್ನೂ ಬಾಗಿಲಿನಿಂದ ತೆಗೆಯಲಿಲ್ಲ. ಮಗು ಗುಣವಾದ ದಿನ ಮಾಸಿಮಾ ಅದನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಸಂದೇಶ್ ತಿನ್ನಿಸಿದರು. ವಿದ್ಯಾರ್ಥಿಗಳೆ, ನಿಮ್ಮ ಸಹಪಾಠಿಯೊಬ್ಬನು ಹಾಸಿಗೆ ಹಿಡಿದಾಗ ಎರಡನ್ನೂ ನೆನೆಯಿರಿ. ಮದ್ದು ವೈದ್ಯರಿಂದ ಬರಲಿ. ಅಕ್ಕರೆ ನಿಮ್ಮಿಂದ ಹೋಗಲಿ.