ಎದೆಯೊಳಗಿನ ತೂಬು

ನೀರು ರಭಸವಾಗಿ ಹರಿಯುವಲ್ಲಿ ಹೂಳು ನಿಲ್ಲದು, ತೂಬಿನ ಮಗ್ಗುಲಲ್ಲಿ ಸುಳಿದು ನಿಂತ ಕಡೆ ಕೂರುತ್ತದೆ ಎಂಬುದು ಹೊಳಲ್ಕೆರೆ ಸೀಮೆಯ ನೀರುಗಂಟಿಗೆ ಹೇಳಿಕೊಡಬೇಕಾದ ಪಾಠವಲ್ಲ. ಹೃದಯದ ಕೃತಕ ಕವಾಟದಲ್ಲೂ ಹೀಗೆಯೇ. ಅಲ್ಲಿ ಕೂರುವುದು ರಕ್ತದ ಹೆಪ್ಪು.

1960ರ ಸ್ಟಾರ್–ಎಡ್ವರ್ಡ್ಸ್ ಕವಾಟದಲ್ಲಿ ಪಂಜರದೊಳಗೊಂದು ಚೆಂಡು. ರಕ್ತ ಅದನ್ನು ಬಳಸಿಯೇ ಸಾಗಬೇಕು. ಓರೆಯಾಗಿ ತೆರೆಯುವ ಒಂಟಿ ಬಿಲ್ಲೆ ಬಂದಮೇಲೆ ದಾರಿ ಸಲೀಸಾಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅಳವಡಿಸಿದ ‘ಚಿತ್ರಾ’ ಕವಾಟ ಈ ಬಗೆಯದು. 1977ರಲ್ಲಿ ಬಂದ ಸೇಂಟ್ ಜೂಡ್ ಕವಾಟಕ್ಕೆ ಎರಡು ರೆಕ್ಕೆ. ನಡುವಿನಿಂದಲೂ ರಕ್ತ ಹಾಯುತ್ತದೆ, ಅಡ್ಡಿ ಕಡಿಮೆ. ಆದರೆ ರೆಕ್ಕೆಯ ಕೀಲಿನ ಸಂದಿಯಲ್ಲಿ ಹೆಪ್ಪು ಕೂರಬಲ್ಲದು.

ಇವನ್ನು ಹೋಲಿಸುವ ಯಂತ್ರ ನಿಮಿಷಕ್ಕೆ 70 ಬಡಿತ, 5 ಲೀಟರ್ ಹರಿವಿನಲ್ಲಿ ಒತ್ತಡ ಎಷ್ಟು ಇಳಿಯಿತು, ಹಿಂದಕ್ಕೆ ಎಷ್ಟು ಸೋರಿತು ಎಂದು ಅಳೆಯುತ್ತದೆ. ಒಳಗೆ ಹರಿಯುವುದು ಹೆಚ್ಚಾಗಿ ಗ್ಲಿಸರಿನ್ ಬೆರೆಸಿದ ನೀರು. ಅದು ಹೆಪ್ಪುಗಟ್ಟುವುದೇ ಇಲ್ಲ!

ಹಾಗಾಗಿ ಹೆಪ್ಪಿನ ಅಪಾಯ ಆ ಯಂತ್ರಕ್ಕೆ ಕಾಣದು. ನನ್ನ ಆತಂಕ ಇಲ್ಲೇ ಶುರು. ಎಳವೆಯ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ನಮ್ಮಲ್ಲಿ ಹೆಚ್ಚಾಗಿ ಹರೆಯದವರು. ಪ್ರಾಣಿ ಅಂಗಾಂಶದ ಕವಾಟ ಆ ವಯಸ್ಸಿನಲ್ಲಿ ಬೇಗ ಸವೆಯುವುದರಿಂದ ಯಾಂತ್ರಿಕವೇ ಗತಿ, ಜೊತೆಗೆ ಬದುಕಿಡೀ ಹೆಪ್ಪು ತಡೆಯುವ ವಾರ್ಫರಿನ್ ಜಾತಿಯ ಮಾತ್ರೆ. ಆ ಮಾತ್ರೆಯ ಪ್ರಮಾಣ ಸರಿಯಿದೆಯೆ ಎಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆಗೆ ಕೂಲಿ ಬಿಟ್ಟು ಬಸ್ ಹತ್ತಬೇಕಾದ ಹೊಸದುರ್ಗದವನಿಗೆ ‘ಪರೀಕ್ಷೆಯೇ ಬೇಡದ ಹೊಸ ಮಾತ್ರೆ’ ಆಸೆ ಹುಟ್ಟಿಸದೆ ಇರುತ್ತದೆಯೆ? 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯಾಂತ್ರಿಕ ಕವಾಟವಿದ್ದು ಅಂಥ ಹೊಸ ಮಾತ್ರೆ ಡಾಬಿಗಾಟ್ರಾನ್ ನುಂಗಿದವರಲ್ಲಿ ಶೇ. 5 ಮಂದಿಗೆ ಪಾರ್ಶ್ವವಾಯು ಬಡಿಯಿತು. ವಾರ್ಫರಿನ್ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಹೆಪ್ಪು ಕಡಿಮೆ ಎಂದು ಹೆಸರಾದ ಆನ್‌–ಎಕ್ಸ್ ಯಾಂತ್ರಿಕ ಕವಾಟದಲ್ಲೂ ಅಂಥದೇ ಇನ್ನೊಂದು ಮಾತ್ರೆ ಅಪಿಕ್ಸಬಾನ್ ಸೋತು, 2022ರಲ್ಲಿ ಆ ಪ್ರಯೋಗವೂ ನಿಂತಿತು. ಈ ಮಾತ್ರೆಗಳೀಗ ಮೊದಲಿಗಿಂತ ಅಗ್ಗ. ಯಾಂತ್ರಿಕ ಕವಾಟವಿದ್ದವರ ಕೈಗೂ ಅವು ಸಲೀಸಾಗಿ ಸೇರಿಬಿಟ್ಟರೆ ಕಾದಿರುವುದು ಲಕ್ವ.

ಯಾಂತ್ರಿಕ ಕವಾಟ ಹಾಕಿಸಿಕೊಂಡವರ ಪಕ್ಕ ಮಲಗಿದವರಿಗೆ ರಾತ್ರಿ ‘ಟಿಕ್, ಟಿಕ್’ ಕೇಳುತ್ತದೆ. ಆ ಸದ್ದು ಮಂಕಾಯಿತೆ, ಏದುಸಿರು ಹತ್ತಿತೆ, ಬೆಳಗಾಗಲಿ ಎನ್ನಬೇಡಿ. ಕವಾಟದ ಕಾರ್ಡು, ಕೊನೆಯ ಐಎನ್‌ಆರ್ ಚೀಟಿ ಹಿಡಿದು ಆಗಲೇ ಆಸ್ಪತ್ರೆಗೆ ಹೊರಡಿ.